ಬೆಟ್ಟ ಹತ್ತಿಸುವವರ ಇತಿಹಾಸ

ನಮ್ಮ ಸೀಮೆಯವರಿಗೆ ಬೆಟ್ಟವೆಂಬುದು ಹೊಸದೇನಲ್ಲ. ಹೊಸಪೇಟೆಯಲ್ಲಿ ಹುಟ್ಟಿದ ಮಗುವು ನಡೆಯಲು ಕಲಿತ ಕೆಲವೇ ವರ್ಷಗಳಲ್ಲಿ ಜಂಬುನಾಥನ ಗುಡ್ಡದ ಮೆಟ್ಟಿಲುಗಳನ್ನು ಏರಿರುತ್ತದೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ಹಂಪಿಯ ಮಾತಂಗ ಪರ್ವತವನ್ನೂ, ಆನೆಗೊಂದಿಯ ಕಡೆಯ ಅಂಜನಾದ್ರಿಯ 575 ಮೆಟ್ಟಿಲುಗಳನ್ನೂ, ಸಂಡೂರಿನ ಕುಮಾರಸ್ವಾಮಿ ಬೆಟ್ಟವನ್ನೂ ಕಂಡಿರುತ್ತದೆ. ಸಮಾಜ ವಿಜ್ಞಾನದ ಮೇಷ್ಟ್ರಾಗಿ ನಾನೂ ಅನೇಕ ವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಈ ಬೆಟ್ಟಗಳಿಗೆ ಕರೆದುಕೊಂಡು ಹೋದವನು. ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಆ ಸಾಲಿನಲ್ಲಿ ನಡೆದವರೇ. ಸಾಲಿನ ಮುಂದೆ ಎಲ್ಲರಿಗಿಂತ ನಿಧಾನವಾಗಿ ನಡೆಯುವ ಹುಡುಗನನ್ನು ಬಿಟ್ಟು, ಓಡುವ ಹುಡುಗರನ್ನು ನನ್ನ ಜೊತೆ ಹಿಂದೆ ಇಟ್ಟುಕೊಳ್ಳುತ್ತಿದ್ದೆನೆಂದು ನೀವು ನನ್ನ ಮೇಲೆ ಸಿಟ್ಟಾಗುತ್ತಿದ್ದದ್ದೂ ನೆನಪಿದೆ.

ಈಗ ನೀವು ದೊಡ್ಡವರಾಗಿದ್ದೀರಿ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಉದ್ಯೋಗದಲ್ಲಿದ್ದೀರಿ. ಇತ್ತೀಚಿನ ವರ್ಷಗಳಲ್ಲಿ ನಿಮ್ಮಲ್ಲಿ ಕೆಲವರು ಹಿಮಾಲಯದ ಚಾರಣಕ್ಕೆ ಹೋಗಿಬಂದು ಚಿತ್ರಗಳನ್ನು ಕಳಿಸುತ್ತಿದ್ದೀರಿ. ಮನಾಲಿಯ ಕಡೆಯ ಫ್ರೆಂಡ್‌ಶಿಪ್ ಶಿಖರದಂತಹ 5,289 ಮೀಟರ್ ಎತ್ತರದ ಹಿಮಶಿಖರವನ್ನು ಜೀವನದ ಮೊದಲ ಶಿಖರವಾಗಿ ಏರಲು ಹೊರಟವರೂ ಇದ್ದಾರೆ. ಸಂತೋಷದ ಸಂಗತಿಯೇ. ಆದರೆ ಪರ್ವತಾರೋಹಣದ ಕಥೆಗಳಲ್ಲಿ ಏರಿದವರ ಹೆಸರು ಇರುವಂತೆ, ಅವರನ್ನು ಏರಿಸಿದವರ ಹೆಸರು ಇರುವುದಿಲ್ಲ. ಅನನುಭವಿಗಳನ್ನು ಹಿಮಶಿಖರಕ್ಕೆ ಕರೆದೊಯ್ಯುವ ಈ ವೃತ್ತಿಗೆ ಎರಡು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ಹೊರಡುವ ಮೊದಲು ಅದನ್ನು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದೆಂದು ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಒಂದು ಭೂಗೋಳದ ಮಾತು. ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕೆ ಇಳಿಯುತ್ತದೆ. ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆಯಾಗುತ್ತದೆ. ದೇಹವು ಇದಕ್ಕೆ ಒಗ್ಗಿಕೊಳ್ಳಬಲ್ಲುದು, ಆದರೆ ಅದಕ್ಕೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ್ದಕ್ಕಿಂತ 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿ ಮಲಗಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ತಂಗಬೇಕು ಎಂದು ವೈದ್ಯರು ಹೇಳುತ್ತಾರೆ. ಹೀಗಾಗಿ ಕರ್ನಾಟಕದ ಯಾವ ಬೆಟ್ಟವನ್ನು ನೂರು ಸಲ ಹತ್ತಿದರೂ ಕಾಲಿಗೆ ಶಕ್ತಿ ಬಂದೀತೇ ಹೊರತು ಎತ್ತರಕ್ಕೆ ಒಗ್ಗುವ ಅಭ್ಯಾಸ ಬಾರದು. ಹಿಮಾಲಯದ ಮಟ್ಟಿಗೆ ಬಯಲುನಾಡಿನ ನಾವೆಲ್ಲರೂ ಅನನುಭವಿಗಳೇ. ಅಲ್ಲಿ ನಮ್ಮ ಶಕ್ತಿಗಿಂತ, ನಮ್ಮನ್ನು ಕರೆದೊಯ್ಯುವವನ ತಿಳಿವಳಿಕೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಈ ವೃತ್ತಿ ಹುಟ್ಟಿದ್ದು ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ, ಫ್ರಾನ್ಸಿನ ಶಾಮನಿ ಎಂಬ ಕಣಿವೆಯ ಊರಿನಲ್ಲಿ. ಊರಿನ ನೆತ್ತಿಯ ಮೇಲೆ ಸುಮಾರು 4,800 ಮೀಟರ್ ಎತ್ತರದ ಮೊಂ ಬ್ಲಾಂ ಶಿಖರವಿದೆ. ಜಿನೀವಾದ ವಿಜ್ಞಾನಿ ಸೊಸ್ಯೂರ್ 1760ರಲ್ಲಿ, ಇದರ ತುದಿಗೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ. ಇಪ್ಪತ್ತಾರು ವರ್ಷಗಳ ಬಳಿಕ, 1786ರ ಆಗಸ್ಟ್ 8ರಂದು, ಊರಿನ ವೈದ್ಯ ಪಕಾರ್ ಮತ್ತು ಬೆಟ್ಟಗಳಲ್ಲಿ ಸ್ಫಟಿಕ ಹುಡುಕಿ ಮಾರುತ್ತಿದ್ದ ಬಾಲ್ಮಾ ಎಂಬಾತ ಶಿಖರ ಮುಟ್ಟಿದರು. ಮರುವರ್ಷ ಸೊಸ್ಯೂರ್ ತಾನೇ ಏರಿದ. ಅವನೊಬ್ಬನನ್ನು ಮೇಲಕ್ಕೆ ತಲುಪಿಸಲು ಹದಿನೆಂಟು ಮಂದಿ ಮಾರ್ಗದರ್ಶಿಗಳು ಅವನ ವಾಯುಭಾರಮಾಪಕ ಮುಂತಾದ ಉಪಕರಣಗಳನ್ನು ಹೊತ್ತು, ಮಂಜಿನಲ್ಲಿ ಮೆಟ್ಟಿಲು ಕಡಿಯುತ್ತ ಜೊತೆಯಲ್ಲಿ ನಡೆದರು. ಸೊಸ್ಯೂರನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಆ ಹದಿನೆಂಟು ಮಂದಿಯಲ್ಲಿ ಎಷ್ಟು ಜನರನ್ನು ಲೋಕ ನೆನೆಯುತ್ತದೆ? ನಮ್ಮ ಹಂಪಿಯ ದೇಗುಲಗಳನ್ನು ಕಟ್ಟಿಸಿದ ಅರಸರ ಹೆಸರು ಗೊತ್ತಿದ್ದೂ ಕಲ್ಲು ಎತ್ತಿದವರ ಹೆಸರು ಗೊತ್ತಿಲ್ಲದಂತೆಯೇ ಇದು.

ಸೊಸ್ಯೂರನ ನಂತರ ಶ್ರೀಮಂತ ಪ್ರವಾಸಿಗರು ಒಬ್ಬೊಬ್ಬರಾಗಿ ಬರತೊಡಗಿದರು. ಆಗ ಎದ್ದ ಪ್ರಶ್ನೆ ಇಂದಿಗೂ ಹಾಗೆಯೇ ಇದೆ: ಹಣ ಕೊಟ್ಟವನು ಮುಂದಕ್ಕೆ ಹೋಗೋಣವೆಂದಾಗ, ಬೆಟ್ಟ ಬಲ್ಲವನು ಬೇಡವೆಂದರೆ, ಯಾರ ಮಾತು ನಡೆಯಬೇಕು? 1820ರ ಆಗಸ್ಟ್ ತಿಂಗಳಲ್ಲಿ ರಷ್ಯಾದ ಡಾಕ್ಟರ್ ಹ್ಯಾಮೆಲ್ ಎಂಬಾತ ತನ್ನ ಸಂಗಡಿಗರೊಡನೆ ಮೊಂ ಬ್ಲಾಂ ಏರಲು ಹೊರಟ. ನಡುದಾರಿಯ ಬಂಡೆಗಳ ಆಸರೆಯಲ್ಲಿ ತಂಗಿದ್ದಾಗ ಹವಾಮಾನ ಕೆಟ್ಟಿತು. ಇಳಿಯುವುದು ಲೇಸೆಂದು ಮಾರ್ಗದರ್ಶಿಗಳಿಗೆ ತೋರಿತು. ಹ್ಯಾಮೆಲನಿಗೆ ಶಿಖರ ಬೇಕಾಗಿತ್ತು. ಅವನ ಒತ್ತಾಯವೇ ಗೆದ್ದಿತು. ಮೇಲಿನ ಇಳಿಜಾರಿನಲ್ಲಿ ಹೊಸ ಹಿಮದ ಪದರ ಜಾರಿ, ಮುಂದೆ ದಾರಿ ಮಾಡುತ್ತಿದ್ದ ಮೂವರು ಮಾರ್ಗದರ್ಶಿಗಳು ಹಿಮದ ಬಿರುಕಿನೊಳಗೆ ಹೂತುಹೋದರು. ಹ್ಯಾಮೆಲ್ ಬದುಕಿ ಕೆಳಗಿಳಿದ. ಹಿಮನದಿಯು ನಿಧಾನವಾಗಿ ಹರಿಯುವ ಮಂಜಿನ ಹೊಳೆ. ನಲವತ್ತೊಂದು ವರ್ಷಗಳ ತರುವಾಯ, 1861ರಲ್ಲಿ, ಅದು ಆ ಮೂವರ ಅವಶೇಷಗಳನ್ನು ಕಣಿವೆಯ ಬುಡಕ್ಕೆ ತಂದು ಹಾಕಿತು. ಅವರ ಜೊತೆಗಿದ್ದು ಬದುಕುಳಿದಿದ್ದ ಮಾರ್ಗದರ್ಶಿಯೊಬ್ಬ ಮುದುಕನಾಗಿ ಇನ್ನೂ ಜೀವಿಸಿದ್ದು, ಅವನ್ನು ಕಂಡು ಗುರುತಿಸಿದನು.

ಈ ದುರಂತದ ಮರುವರ್ಷ, 1821ರಲ್ಲಿ, ಶಾಮನಿಯ ಮಾರ್ಗದರ್ಶಿಗಳು ಒಂದು ಸಂಘ ಕಟ್ಟಿಕೊಂಡರು. ಈ ವೃತ್ತಿಯಲ್ಲಿ ಜಗತ್ತಿನ ಮೊದಲ ಸಂಘ ಅದು; ಇಂದಿಗೂ ನಡೆದುಬರುತ್ತಿದೆ. ಕೆಲಸವನ್ನು ಸರದಿಯ ಪ್ರಕಾರ ಹಂಚಿದರು. ಗಾಯಗೊಂಡವರಿಗೂ ಸತ್ತವರ ಕುಟುಂಬಕ್ಕೂ ನೆರವಾಗಲು ನಿಧಿಯನ್ನಿಟ್ಟರು. ಸರದಿ ಏಕೆ ಬೇಕಾಯಿತೆಂದು ವಿದ್ಯಾರ್ಥಿಗಳು ಯೋಚಿಸಬೇಕು. ಸರದಿಯಿಲ್ಲದಿದ್ದರೆ ‘ಬೇಡ’ ಎಂದವನ ಕೂಲಿಯನ್ನು ‘ಆಗಲಿ’ ಎನ್ನುವವನು ಕಸಿದುಕೊಳ್ಳುತ್ತಾನೆ. ಬಡವನೊಬ್ಬನು ಶ್ರೀಮಂತನ ಎದುರು ‘ಬೇಡ’ ಎನ್ನಬೇಕಾದರೆ ಅವನ ಬೆನ್ನ ಹಿಂದೆ ಏನಾದರೂ ಆಸರೆ ಇರಬೇಕಷ್ಟೆ.

ಇನ್ನೊಂದು ಘಟನೆಯನ್ನು ಪರ್ವತಾರೋಹಣ ಬಲ್ಲವರೆಲ್ಲರೂ ಕೇಳಿರುತ್ತಾರೆ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿರುವ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರವನ್ನು 1865ರ ಜುಲೈ 14ರಂದು ಎಡ್ವರ್ಡ್ ವಿಂಪರನ ಏಳು ಜನರ ತಂಡ ಮೊದಲ ಬಾರಿಗೆ ಏರಿತು. ತಂಡದಲ್ಲಿ ಹ್ಯಾಡೋ ಎಂಬ ಹತ್ತೊಂಬತ್ತರ ಯುವಕನಿದ್ದ. ಇಂತಹ ಬೆಟ್ಟಕ್ಕೆ ಅವನು ತೀರ ಹೊಸಬ. ಏರುವಾಗ ಹೇಗೋ ಏರಿದ. ಇಳಿಯುವಾಗ ಅವನಿಗೆ ಕಾಲಿಡಲು ಧೈರ್ಯ ಸಾಲಲಿಲ್ಲ. ಅವನಿಗಿಂತ ಕೆಳಗಿದ್ದ ಮಾರ್ಗದರ್ಶಿ ಮಿಶೆಲ್ ಕ್ರೋ ತನ್ನ ಹಿಮಗೊಡಲಿಯನ್ನು ಪಕ್ಕಕ್ಕಿಟ್ಟು, ಎರಡೂ ಕೈಗಳಿಂದ ಆ ಹುಡುಗನ ಪಾದಗಳನ್ನು ಹಿಡಿದು ಒಂದೊಂದಾಗಿ ಸರಿಯಾದ ಜಾಗದಲ್ಲಿ ಇಡಿಸುತ್ತಿದ್ದನಂತೆ. ಅದನ್ನು ಮುಗಿಸಿ ತಾನು ಕೆಳಕ್ಕೆ ತಿರುಗುವಷ್ಟರಲ್ಲಿ ಹ್ಯಾಡೋ ಜಾರಿ ಕ್ರೋನ ಮೇಲೆ ಬಿದ್ದ. ಒಂದೇ ಹಗ್ಗದಲ್ಲಿದ್ದ ಮತ್ತಿಬ್ಬರನ್ನೂ ಅವರ ಭಾರ ಎಳೆಯಿತು. ನಾಲ್ಕನೆಯವನಿಗೂ, ಅವನ ಮೇಲಿದ್ದ ಹಿರಿಯ ಮಾರ್ಗದರ್ಶಿ ಪೀಟರ್ ಟಾಗ್‌ವಾಲ್ಡರನಿಗೂ ನಡುವಿನ ಹಗ್ಗ ತುಂಡಾಗಿ ನಾಲ್ವರೂ ಪ್ರಪಾತಕ್ಕೆ ಬಿದ್ದು ಸತ್ತರು. ವಿಂಪರ್, ಟಾಗ್‌ವಾಲ್ಡರ್ ಮತ್ತು ಅವನ ಮಗ ಬದುಕಿದರು.

ಮುಂದೆ ನಡೆದದ್ದನ್ನು ಕೇಳಿ. ಹಗ್ಗವನ್ನು ಟಾಗ್‌ವಾಲ್ಡರನೇ ಕತ್ತರಿಸಿದನೆಂಬ ಗುಲ್ಲು ಹಬ್ಬಿತು. ವಿಚಾರಣೆ ನಡೆದು ಅವನು ನಿರ್ದೋಷಿಯೆಂದು ತೀರ್ಮಾನವಾಯಿತು. ಆದರೂ ಆ ಅಪವಾದ ಅವನನ್ನು ಬಿಡಲಿಲ್ಲ. ತೀರ ಹೊಸಬನನ್ನು ಅಂತಹ ಶಿಖರಕ್ಕೆ ಕರೆತರಬೇಕೆಂಬುದು ಯಜಮಾನರ ತೀರ್ಮಾನವಾಗಿತ್ತು. ಆ ತೀರ್ಮಾನದ ಭಾರ ಬಿದ್ದದ್ದು ಕ್ರೋನ ಪ್ರಾಣದ ಮೇಲೆ ಮತ್ತು ಟಾಗ್‌ವಾಲ್ಡರನ ಮಾನದ ಮೇಲೆ. ತುಂಡಾದ ಆ ಹಗ್ಗವನ್ನು ಶಿಖರದ ಬುಡದ ಜೆರ್ಮಾಟ್ ಊರಿನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಹಿಮಾಲಯದಲ್ಲಿ ಈ ಭಾರವನ್ನು ಹೊತ್ತವರು ಶೆರ್ಪಾಗಳು. 1922ರಲ್ಲಿ ಬ್ರಿಟಿಷರ ಎವರೆಸ್ಟ್ ಯಾತ್ರೆಯಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತ ಏಳು ಮಂದಿಯೂ ಹೊರೆ ಹೊತ್ತವರೇ. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಶಿಖರದಲ್ಲಿ ನಿಂತ ಮೇಲೆ ಚಿತ್ರ ಸ್ವಲ್ಪ ಬದಲಾಯಿತು. ಮರುವರ್ಷ, 1954ರ ನವೆಂಬರ್ 4ರಂದು, ನೆಹರೂ ಅವರ ಆಸಕ್ತಿಯಿಂದ ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರಾಗಿ ತೇನ್‌ಸಿಂಗ್ ಅವರೇ ಬಂದರು. ಹೊರೆ ಹೊರುವವನಾಗಿ ವೃತ್ತಿ ಆರಂಭಿಸಿದ ಮನುಷ್ಯ ಮೇಷ್ಟ್ರಾದರೆಂಬುದು ನನಗೆ ಅವರು ಶಿಖರ ಏರಿದ್ದರಷ್ಟೇ ದೊಡ್ಡ ಸಂಗತಿಯಾಗಿ ಕಾಣುತ್ತದೆ. 1965ರಲ್ಲಿ ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆ ಸ್ಥಾಪನೆಯಾಯಿತು. ಈ ಸಂಸ್ಥೆಗಳ ಪ್ರಾಥಮಿಕ ಶಿಕ್ಷಣದ ಅವಧಿ 28 ದಿನ. ಹಗ್ಗ ಕಟ್ಟುವುದು, ಹಿಮದಲ್ಲಿ ಜಾರಿದರೆ ಕೊಡಲಿಯೂರಿ ನಿಲ್ಲುವುದು, ಎತ್ತರಕ್ಕೆ ಒಗ್ಗುವುದು, ಇವೆಲ್ಲ ಅಲ್ಲಿಯ ಪಾಠಗಳು. ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ನಮ್ಮ ರಾಜ್ಯದ ಯುವಕ ಯುವತಿಯರಿಗೆ ಬಂಡೆ ಏರುವ ತರಬೇತಿ ನೀಡುತ್ತ ಬಂದಿದೆ.

ನಮ್ಮ ಊರ ಬಂಡೆಗಳ ಮಾತೂ ಇಲ್ಲಿ ಬರಬೇಕು. ಹಂಪಿ, ಆನೆಗೊಂದಿ, ಸಾಣಾಪುರಗಳ ಕಣಶಿಲೆಯ ಗುಂಡುಗಳನ್ನು ನಾವು ದೇವರ ಬೆಟ್ಟವೆಂದೋ ಕರಡಿ ಚಿರತೆಗಳ ಜಾಗವೆಂದೋ ನೋಡಿದವರು. ಅಮೆರಿಕದ ಕ್ರಿಸ್ ಶರ್ಮಾ ಎಂಬ ಪ್ರಸಿದ್ಧ ಬಂಡೆಯೇರುಗ ಇಲ್ಲಿಗೆ ಬಂದು, 2003ರಲ್ಲಿ ಅದರ ಚಲನಚಿತ್ರ ಹೊರಬಂದ ಮೇಲೆ, ಚಳಿಗಾಲದ ತಿಂಗಳುಗಳಲ್ಲಿ ದೇಶವಿದೇಶದ ಯುವಕರು ಬೆನ್ನಿಗೆ ಮಡಚಿದ ಹಾಸಿಗೆ ಹೊತ್ತು ಈ ಗುಂಡುಗಳನ್ನು ಹುಡುಕಿಕೊಂಡು ಬರತೊಡಗಿದರು. ನಮ್ಮ ಹುಡುಗರೂ ಅವರಿಂದ ಕಲಿತು ಈಗ ಹೊಸಬರಿಗೆ ಕಲಿಸುತ್ತಾರೆ. ಹಗ್ಗವಿಲ್ಲದ ಈ ಆಟದಲ್ಲಿ ಒಬ್ಬನು ಏರುವಾಗ ಇನ್ನೊಬ್ಬನು ಕೆಳಗೆ ಎರಡೂ ಕೈ ಚಾಚಿ ನಿಂತಿರುತ್ತಾನೆ. ಬಿದ್ದವನ ತಲೆ ಕಲ್ಲಿಗೆ ಬಡಿಯದಂತೆ ಬೆನ್ನು ಹಿಡಿದು ಹಾಸಿಗೆಯ ಕಡೆಗೆ ತಳ್ಳುವುದು ಅವನ ಕೆಲಸ. ಅವನ ಕಣ್ಣು ಏರುವವನ ಮೇಲಿಂದ ಒಂದು ಕ್ಷಣವೂ ಕದಲುವಂತಿಲ್ಲ. ಹ್ಯಾಡೋನ ಪಾದ ಹಿಡಿದ ಕ್ರೋನ ಕೈಗಳ ವಿದ್ಯೆಯೇ ಇದೂ ಹೌದು. ಚಿತ್ರದುರ್ಗದ ಜ್ಯೋತಿರಾಜ್ ಅವರು ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಏರುವುದನ್ನು ನೋಡಿ ನೀವು ಬೆರಗಾಗಿದ್ದೀರಿ. ತಾನು ಏರುವ ವಿದ್ಯೆ ಒಂದು, ಇನ್ನೊಬ್ಬರನ್ನು ಕ್ಷೇಮವಾಗಿ ಏರಿಸಿ ಇಳಿಸುವ ವಿದ್ಯೆ ಇನ್ನೊಂದು.

ಶಾಮನಿಯ ಹಳೆಯ ಪ್ರಶ್ನೆ ಎವರೆಸ್ಟಿನಲ್ಲಿ ಮತ್ತೆ ತಲೆಯೆತ್ತಿತು. 1985ರಲ್ಲಿ ಡಿಕ್ ಬಾಸ್ ಎಂಬ ಐವತ್ತೈದು ವರ್ಷದ ಅಮೆರಿಕದ ಉದ್ಯಮಿ ನುರಿತ ಆರೋಹಿಯೊಬ್ಬನ ಜೊತೆ ಎವರೆಸ್ಟ್ ಏರಿದ ಮೇಲೆ, ಹಣ ಪಡೆದು ಶಿಖರಕ್ಕೆ ಕರೆದೊಯ್ಯುವ ಸಂಸ್ಥೆಗಳು ಹುಟ್ಟಿಕೊಂಡವು. ನ್ಯೂಜಿಲೆಂಡಿನ ರಾಬ್ ಹಾಲ್ ಅಂತಹ ಒಂದು ಸಂಸ್ಥೆಯ ಮುಖ್ಯಸ್ಥ, ಬಹಳ ಎಚ್ಚರದ ಮನುಷ್ಯ. 1995ರಲ್ಲಿ ಡಗ್ ಹ್ಯಾನ್ಸನ್ ಎಂಬ ಅಂಚೆ ಇಲಾಖೆಯ ನೌಕರನನ್ನು, ಶಿಖರ ಕಣ್ಣೆದುರಿಗೇ ಇದ್ದಾಗ, ಹೊತ್ತಾಯಿತೆಂದು ಹಿಂದಕ್ಕೆ ಕರೆತಂದ. ಹ್ಯಾನ್ಸನ್ ನಿರಾಶನಾದ, ಆದರೆ ಮನೆಗೆ ಮರಳಿದ. 1996ರ ಮೇ 10ರಂದು ಅದೇ ಹ್ಯಾನ್ಸನ್ ಮತ್ತೆ ಬಂದಿದ್ದ. ಮಧ್ಯಾಹ್ನ ಎರಡು ಗಂಟೆಯೊಳಗೆ ತಿರುಗಬೇಕೆಂದಿದ್ದರೂ, ಅವನು ತುದಿ ತಲುಪುವಾಗ ನಾಲ್ಕು ದಾಟಿತ್ತು. ಈ ಸಲ ರಾಬ್ ಹಾಲ್ ಅವನನ್ನು ತಿರುಗಿಸಲಿಲ್ಲ. ಸಂಜೆ ಬಿರುಗಾಳಿ ಎದ್ದಿತು. ನಿತ್ರಾಣನಾದ ಹ್ಯಾನ್ಸನನನ್ನು ಬಿಟ್ಟು ಇಳಿಯಲು ಹಾಲ್ ಒಪ್ಪಲಿಲ್ಲ. ಇಬ್ಬರೂ ಅಲ್ಲೇ ಉಳಿದರು. ಆ ಬಿರುಗಾಳಿಗೆ ಬಲಿಯಾದ ಎಂಟು ಮಂದಿಯಲ್ಲಿ ಮೂವರು, ಇನ್ನೊಂದು ಕಡೆಯಿಂದ ಏರುತ್ತಿದ್ದ ನಮ್ಮ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯವರು. ಮಾರ್ಗದರ್ಶಿಯೂ ಮನುಷ್ಯನೇ. ಶಿಷ್ಯನನ್ನು ಎರಡನೆಯ ಸಲ ನಿರಾಶೆಗೊಳಿಸಲಾರದ ಅವನ ಮನಸ್ಸು, ಮೂವತ್ತು ವರ್ಷ ಮೇಷ್ಟ್ರಾಗಿದ್ದ ನನಗೆ ಅರ್ಥವಾಗುತ್ತದೆ.

ಎಷ್ಟೇ ಎಚ್ಚರವಿದ್ದರೂ ಪರ್ವತದ ಎದುರು ಮನುಷ್ಯನ ಲೆಕ್ಕ ಕೆಲವೊಮ್ಮೆ ತಪ್ಪುತ್ತದೆಂಬುದನ್ನೂ ಹೇಳಬೇಕು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಎಂಬ ಶಿಖರದಲ್ಲಿ ಉತ್ತರಕಾಶಿಯ ಸಂಸ್ಥೆಯ ಶಿಕ್ಷಣಾರ್ಥಿಗಳ ಮೇಲೆ ಹಿಮ ಕುಸಿದು 29 ಮಂದಿಯನ್ನು ಕಳೆದುಕೊಂಡೆವು. ಅವರಲ್ಲಿ ಶಿಕ್ಷಕಿ ಸವಿತಾ ಕಂಸ್ವಾಲ್ ಒಬ್ಬರು. ಅದೇ ವರ್ಷದ ಮೇ ತಿಂಗಳಲ್ಲಿ 16 ದಿನಗಳ ಅಂತರದಲ್ಲಿ ಎವರೆಸ್ಟನ್ನೂ ಮಕಾಲುವನ್ನೂ ಏರಿ ಬಂದಿದ್ದವರು. ಆಕೆ ಸತ್ತದ್ದು ದಾಖಲೆಯ ಹಂಬಲದಲ್ಲಿ ಅಲ್ಲ, ಪಾಠ ಹೇಳುವಾಗ. ಆಮೇಲೆ 2024ರ ಜೂನ್ ಮೊದಲ ವಾರದಲ್ಲಿ, ಉತ್ತರಕಾಶಿ ಕಡೆಯ ಸಹಸ್ರತಾಲಕ್ಕೆ ಹೋಗಿದ್ದ ಕರ್ನಾಟಕದ ಚಾರಣಿಗರ ತಂಡ ಹಿಮಬಿರುಗಾಳಿಗೆ ಸಿಕ್ಕಿತು. ಮಾರ್ಗದರ್ಶಿಗಳೂ ಸೇರಿ 22 ಜನರಿದ್ದ ತಂಡದಲ್ಲಿ 9 ಜನ ತೀರಿಕೊಂಡರು. ಉಳಿದ 13 ಜನರನ್ನು ರಕ್ಷಿಸಿ ತರಲಾಯಿತು. ಅವರಲ್ಲಿ ಬೆಟ್ಟಗಳನ್ನು ಚೆನ್ನಾಗಿ ಬಲ್ಲವರೂ, ನನ್ನ ವಯಸ್ಸಿನವರೂ ಇದ್ದರು. ಆ ವಾರ ನಮ್ಮ ಮನೆಯಲ್ಲಿ ದಿನಪತ್ರಿಕೆ ಬಿಡಿಸಲು ಕೈ ಹಿಂಜರಿಯುತ್ತಿತ್ತು.

ಆ ದಿನಗಳಲ್ಲಿಯೇ ಕಂಪ್ಲಿಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನು ಕಬ್ಬು ಬೆಳೆಯುವ ಮನೆತನದ ಹುಡುಗ. ಪರ್ವತಾರೋಹಣದ ತರಬೇತಿ ಮುಗಿಸಿ ಈಗ ಹಿಮಾಚಲದಲ್ಲಿ ಹೊಸಬರ ತಂಡಗಳನ್ನು ಕರೆದೊಯ್ಯುತ್ತಾನೆ. ಒಮ್ಮೆ ಶಿಖರಕ್ಕೆ ಇನ್ನೆರಡು ಗಂಟೆಯ ದಾರಿ ಇರುವಾಗ ಮೋಡದ ಬಣ್ಣ ನೋಡಿ ಹನ್ನೊಂದು ಜನರನ್ನು ಹಿಂದಕ್ಕೆ ತಿರುಗಿಸಿದನಂತೆ. ಎಲ್ಲರೂ ಕ್ಷೇಮವಾಗಿ ಇಳಿದರು. ಆಮೇಲೆ ಮಧ್ಯಾಹ್ನ ಬಿಸಿಲು ಬಂತಂತೆ! ತಂಡದವರು ಹಣ ವಾಪಸು ಕೇಳಿದರು. ಅಂತರ್ಜಾಲದಲ್ಲಿ ಅವನಿಗೆ ಒಂದೇ ನಕ್ಷತ್ರ ಕೊಟ್ಟು, ಅಂಜುಬುರುಕನೆಂದು ಬರೆದರು. “ಸಾರ್, ಅವತ್ತು ಗಾಳಿ ಎದ್ದಿದ್ರೆ ನಾನು ಮಾಡಿದ್ದು ಸರಿ ಅಂತಿದ್ರು. ಏಳಲಿಲ್ಲ, ಅದಕ್ಕೆ ತಪ್ಪಾತು” ಎಂದ. ನಾನು ಅವನಿಗೆ ಹ್ಯಾಮೆಲನ ಕಥೆಯನ್ನೂ ಶಾಮನಿಯ ಸಂಘದ ಕಥೆಯನ್ನೂ ಹೇಳಿದೆ. ಎರಡು ನೂರು ವರ್ಷಗಳ ಹಿಂದೆ ಯಜಮಾನನ ಮೂದಲಿಕೆ ಮಾಡುತ್ತಿದ್ದ ಕೆಲಸವನ್ನು ಇಂದು ನಕ್ಷತ್ರಗಳು ಮಾಡುತ್ತಿವೆ. ಹಾಗಾದರೆ ಹಿಂತಿರುಗಿಸುವ ಧೈರ್ಯ ಮುಂದಿನ ಸಲ ಅವನಿಗೆ ಎಲ್ಲಿಂದ ಬರಬೇಕು?

ನಮ್ಮ ತುಂಗಭದ್ರೆಯ ದಡದಲ್ಲಿ ಇದಕ್ಕೊಂದು ಹಳೆಯ ಮಾದರಿಯುಂಟು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಯಸ್, ಜನರು ಬುಟ್ಟಿಯಂತಹ ದುಂಡನೆಯ ದೋಣಿಯಲ್ಲಿ ಆನೆಗೊಂದಿಗೆ ದಾಟುತ್ತಿದ್ದುದನ್ನು ಬರೆದಿದ್ದಾನೆ. ಆ ಹರಿಗೋಲು ಇಂದಿಗೂ ಇದೆ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಅಂಬಿಗನು ಹೊಳೆಯನ್ನೊಮ್ಮೆ ನೋಡಿ, “ಹೊಳಿ ಬಂದೈತ್ರೀ ಮೇಷ್ಟ್ರೇ, ಇವತ್ತು ಆಗಂಗಿಲ್ಲ” ಎಂದರೆ ಮುಗಿಯಿತು. ಎಂತಹ ತುರ್ತಿದ್ದರೂ ನಾವು ಬುತ್ತಿ ಬಿಚ್ಚಿ ದಡದಲ್ಲೇ ಉಂಡು ಮಕ್ಕಳೊಡನೆ ಮರಳಿ ಬರುತ್ತಿದ್ದೆವು. ಅವನನ್ನು ಯಾರೂ ಅಂಜುಬುರುಕನೆನ್ನಲಿಲ್ಲ. ಹೊಳೆ ಅವನದು, ಮಾತು ಅವನದು ಎಂಬ ತಿಳಿವಳಿಕೆ ಊರಿಗೇ ಇತ್ತು.

ಆದ್ದರಿಂದ ಹಿಮಾಲಯಕ್ಕೆ ಹೊರಡುವ ನನ್ನ ಮಕ್ಕಳಂತಹ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಹಣ ಕಟ್ಟುವ ಮೊದಲು ಕೇಳಿರಿ: ಎತ್ತರಕ್ಕೆ ಒಗ್ಗಲು ಎಷ್ಟು ದಿನ ಇಟ್ಟಿದ್ದೀರಿ? ಒಬ್ಬ ಮಾರ್ಗದರ್ಶಿಗೆ ಎಷ್ಟು ಜನ? ಹಿಂತಿರುಗುವ ಹೊತ್ತು ಯಾವುದು? ಅದನ್ನು ತೀರ್ಮಾನಿಸುವವರು ಬೆಟ್ಟದ ಮೇಲಿರುವವರೋ, ಪಟ್ಟಣದ ಕಚೇರಿಯಲ್ಲಿರುವವರೋ? ಹೋದ ಮೇಲೆ ತಲೆನೋವು, ವಾಕರಿಕೆ, ಉಸಿರಿನ ತೊಂದರೆ ಯಾವುದನ್ನೂ ಮರ್ಯಾದೆಗಂಜಿ ಮುಚ್ಚಿಡಬೇಡಿ. ಶಿಖರವು ಅರ್ಧ ದಾರಿ ಮಾತ್ರ. ಹ್ಯಾಡೋ ಬಿದ್ದದ್ದೂ ಹ್ಯಾನ್ಸನ್ ಕುಸಿದದ್ದೂ ಇಳಿಯುವಾಗ ಎಂಬುದನ್ನು ಮರೆಯಬೇಡಿ. ಕರೆದೊಯ್ಯುವವನು ತಿರುಗೋಣ ಎಂದರೆ, ಬಿಸಿಲಿದ್ದರೂ ತಿರುಗಿರಿ. ಊರಿಗೆ ಬಂದ ಮೇಲೆ ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಿರಿ. ಅವನ ಹೆಸರನ್ನೂ ಬರೆಯಿರಿ. ನಿಮ್ಮ ನಂತರ ಅವನ ಹಿಂದೆ ಹೋಗುವ ಹೊಸಬರನ್ನು ಆ ಮಾತು ಕಾಪಾಡೀತು.